ಒಡೆಯದ ನಂಬರು

ಲಿಂಗಸುಗೂರು ಬಸ್ ನಿಲ್ದಾಣದಲ್ಲಿ ಕುಂತವರು ಹಟ್ಟಿ, ಮುದಗಲ್, ಮಸ್ಕಿ ಎಂದು ಬೋರ್ಡು ಓದುತ್ತಾರೆ. ನಾನು ನಂಬರ್ ಪ್ಲೇಟು ಓದುತ್ತೇನೆ. ಮುಂದಿನ ಕೆಎ 36 ರಾಯಚೂರಿನ ಗುರುತು, ಅದನ್ನು ಬಿಡಿ. ಕೊನೆಯ ನಾಲ್ಕು ಅಂಕಿ ಯಾವುದರಿಂದಾದರೂ ಶೇಷವಿಲ್ಲದೆ ಭಾಗವಾಗುತ್ತದೋ, ಇಲ್ಲ ಅವಿಭಾಜ್ಯ ಸಂಖ್ಯೆಯೋ ಎಂದು ನೋಡುವುದು ನನ್ನ ಚಟ. ಒಮ್ಮೆ ಟಿಕೆಟಿನ ಹಿಂದೆ ಗೀಚುತ್ತಿದ್ದಾಗ ಡ್ರೈವರೊಬ್ಬರು, "ಏನ್ರೀ ಸರ, ನಂಬರ್ ಬರ್ಕೊಳ್ಳಾಕತ್ತೀರಿ, ಕಂಪ್ಲೇಂಟ್ ಕೊಡ್ತೀರೇನು?" ಎಂದರು. "ಇಲ್ರೀ, ಏಳರಿಂದ ಹೋಗ್ತದೇನು ನೋಡಾಕತ್ತೀನಿ" ಎಂದೆ. ಅವರ ಅನುಮಾನ ಮತ್ತಷ್ಟು ಬಲವಾಯಿತು.

2, 3, 5 ಕಣ್ಣಳತೆಯಲ್ಲೇ ಮುಗಿಯುತ್ತವೆ. ರುಚಿ ಇರುವುದು ಆಮೇಲೆ. ಏಳು, ಹನ್ನೊಂದು, ಹದಿಮೂರನ್ನು ಗುಣಿಸಿದರೆ 1001. ಹಾಗಾಗಿ ಕೊನೆಯ ಮೂರಂಕಿಯಿಂದ ಸಾವಿರದ ಸ್ಥಾನದ ಅಂಕಿ ಕಳೆದರೆ ಈ ಮೂರೂ ಸಂಖ್ಯೆಗಳ ಪರೀಕ್ಷೆ ಒಟ್ಟಿಗೇ ಆಗುತ್ತದೆ. 4459 ನೋಡಿ, ಒಡೆಯುವ ಮುಖವೇ ಅಲ್ಲ. 459ರಲ್ಲಿ 4 ಕಳೆದರೆ 455. ಅದು ಏಳಕ್ಕೂ ಸೈ, ಹದಿಮೂರಕ್ಕೂ ಸೈ. ಬಿಡಿಸಿದರೆ 7×7×7×13! ಇದಕ್ಕೂ ಜಗ್ಗದಿದ್ದರೆ 17ರಿಂದ 97ರವರೆಗಿನ 19 ಅವಿಭಾಜ್ಯಗಳಿಂದ ಭಾಗಿಸಿ ನೋಡಬೇಕು. ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ.

ಫ್ಯಾನ್ಸಿ ನಂಬರೆಂದು 1111ಕ್ಕೆ ಹೆಚ್ಚಿನ ದುಡ್ಡು ಕಟ್ಟುವವರಿದ್ದಾರೆ. ಅದು 11×101, ಮುಟ್ಟಿದರೆ ಎರಡು ಹೋಳು. 7919ನ್ನು ಕೇಳುವವರಿಲ್ಲ, ಅದು ಸಾವಿರದನೆಯ ಅವಿಭಾಜ್ಯ. ನನ್ನ ಕೈಯಲ್ಲಿದ್ದರೆ ದರ ಅದಲು ಬದಲು ಮಾಡುತ್ತಿದ್ದೆ.

ಒಂದುಗಳ ಸಾಲಿನ ಮೋಹ ಮಾತ್ರ ನಮ್ಮ ಸೀಮೆಗೆ ಹಳೆಯದು. ಮಳಖೇಡದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಹಾರದಂತೆ ಕಾಣುವ ಗುಣಲಬ್ಧಗಳ ಲೆಕ್ಕ ಕೊಟ್ಟಿದ್ದಾನೆ. 152207ನ್ನು 73ರಿಂದ ಗುಣಿಸಿ: 11111111. ಎಂಟು ಒಂದುಗಳು! ಅಲ್ಲಿರುವ 73 ತಾನೂ ಅವಿಭಾಜ್ಯ.

ಒಂದುಗಳ ಸಾಲು ಒಡೆಯದಿರಬೇಕಾದರೆ ಅವುಗಳ ಎಣಿಕೆಯೇ ಅವಿಭಾಜ್ಯವಾಗಿರಬೇಕು. ಅಷ್ಟಾದರೂ ಸಾಲದು: ಮೂರು ಒಂದುಗಳು 3×37. ಹನ್ನೊಂದರ ನಂತರ ಸಿಗುವ ಮುಂದಿನ ಅವಿಭಾಜ್ಯಕ್ಕೆ 19 ಒಂದುಗಳು ಬೇಕು: 1111111111111111111. ಬಸ್ ನಿಲ್ದಾಣದ ವಿಧಾನದಲ್ಲಿ ಇದನ್ನು ಪರೀಕ್ಷಿಸಲು ಐದು ಕೋಟಿಗೂ ಹೆಚ್ಚು ಭಾಗಾಕಾರ ಮಾಡಬೇಕು. ಹಿಂದಿನಿಂದ ಓದಿದರೂ ಅದೇ, ಅಂಕಿಗಳನ್ನು ಹೇಗೆ ಕಲಸಿದರೂ ಅದೇ. ಒಂದನ್ನು ಇದರಿಂದ ಭಾಗಿಸಿದರೆ ದಶಾಂಶದಲ್ಲಿ ಹದಿನೆಂಟು ಸೊನ್ನೆ, ಒಂದು ಒಂಬತ್ತು, ಮತ್ತೆ ಹದಿನೆಂಟು ಸೊನ್ನೆ, ಒಂದು ಒಂಬತ್ತು, ಹೀಗೆ ಕೊನೆಯಿಲ್ಲದೆ ಸಾಗುತ್ತದೆ. ಸರಿಯಾಗಿ ಹತ್ತೊಂಬತ್ತು ಸ್ಥಾನಗಳಿಗೊಮ್ಮೆ ಮರುಕಳಿಸುವ ಅವಿಭಾಜ್ಯ ಇದೊಂದೇ, ಬೇರೆ ಇಲ್ಲ.

ಆಮೇಲೆ 23 ಒಂದುಗಳದ್ದು. ಅಲ್ಲಿಂದ ನೇರ 317ಕ್ಕೆ, ಅಲ್ಲಿಂದ 1031ಕ್ಕೆ ಜಿಗಿತ. ಈ ಕೊನೆಯದು ಅವಿಭಾಜ್ಯವೆಂದು ವಿಲಿಯಮ್ಸ್ ಮತ್ತು ಡಬ್ನರ್ 1986ರಲ್ಲಿ ಸಾಧಿಸಿದರು. ಇಂಥವು ಮುಗಿಯದಷ್ಟು ಇವೆಯೇ ಎಂಬುದನ್ನು ಇಂದಿಗೂ ಯಾರೂ ಸಾಧಿಸಿಲ್ಲ.