ಹಿತ್ತಲ ಗಿಡವೂ ಮದ್ದು

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಗೆ ಇಂದಿನ ಮನೆಗಳಲ್ಲಿ ಒಳ್ಳೆಯ ಉದಾಹರಣೆ ಎಂದರೆ ಟ್ಯಾಬ್ಲೆಟ್. 2020ರಲ್ಲಿ ಕೊರೋನಾ ಬಂದು ಶಾಲೆಗಳು ಮುಚ್ಚಿದಾಗ, ಮಕ್ಕಳ ಪಾಠಕ್ಕೆಂದು ಎಷ್ಟೋ ಮನೆಯವರು ಸಾಲಸೋಲ ಮಾಡಿ ಇದನ್ನು ತಂದರು. ಶಾಲೆ ತೆರೆದ ಮೇಲೆ ಅದು ಕಾರ್ಟೂನು ನೋಡುವ ಸಾಧನವಾಯಿತು. ಆಮೇಲೆ ಬೀರುವಿನ ಮೇಲೆ ಹೋಗಿ ಕುಳಿತಿತು. ಫೋನಿನ ತಂತ್ರಾಂಶವನ್ನು ಹೊಸದು ಮಾಡಬೇಕಾಗಿ ಬಂದು ಅದು ತಕರಾರು ತೆಗೆದಾಗ ಯಾರಿಗೂ ಈ ಹಲಗೆಯ ನೆನಪಾಗುವುದಿಲ್ಲ. ಕಂಪ್ಯೂಟರ್ ಇರುವವರ ಮನೆ ಹುಡುಕುತ್ತಾರೆ. ಇಲ್ಲವೇ ಪೇಟೆಯ ಅಂಗಡಿಗೆ ಹೊರಡುತ್ತಾರೆ.

ಈ ರೂಢಿಗೆ ಕಾರಣವಿಲ್ಲದೆ ಇಲ್ಲ. 2007ರಲ್ಲಿ ಐಫೋನ್ ಮೊದಲು ಬಂದಾಗ ಕಂಪ್ಯೂಟರಿನ ಐಟ್ಯೂನ್ಸ್‌ಗೆ ಜೋಡಿಸದೆ ಅದನ್ನು ಬಳಕೆಗೆ ತರುವಂತೆಯೇ ಇರಲಿಲ್ಲ. ತಂತ್ರಾಂಶ ಬದಲಿಸಲೂ ಅದೇ ದಾರಿ. ಕನ್ನಡನಾಡಿನಲ್ಲಿ ಮನೆಮಾತಾಗಿದ್ದ ನೋಕಿಯಾದ ಅನೇಕ ಫೋನುಗಳಿಗೂ ಕಂಪ್ಯೂಟರು, ಕೇಬಲ್ಲು ಬೇಕಾಗುತ್ತಿದ್ದವು. 2011ರಲ್ಲಿ ಐಒಎಸ್ 5 ಬಂದ ಮೇಲೆ ಐಫೋನು ಕಂಪ್ಯೂಟರಿನ ಹಂಗು ತೊರೆಯಿತು.

ಅದೇ ವರ್ಷ, ಹೆಚ್ಚು ಜನರ ಗಮನಕ್ಕೆ ಬಾರದ ಇನ್ನೊಂದು ಬದಲಾವಣೆಯೂ ಆಯಿತು. ಯುಎಸ್‌ಬಿ ಕೇಬಲ್ಲಿನ ಎರಡು ತುದಿಗಳಲ್ಲಿ ಒಬ್ಬ ಯಜಮಾನ, ಒಬ್ಬ ಅತಿಥಿ ಇರಬೇಕು ಎಂಬುದು ನಿಯಮ. ಕೇಳುವವನು ಯಜಮಾನ, ಉತ್ತರ ಕೊಡುವವನು ಅತಿಥಿ. ಅಲ್ಲಿಯವರೆಗೆ ಯಜಮಾನಿಕೆ ಸಾಮಾನ್ಯವಾಗಿ ಕಂಪ್ಯೂಟರಿನದು. ಆಂಡ್ರಾಯ್ಡ್ 3.1 ಆ ಪಟ್ಟವನ್ನು ಟ್ಯಾಬ್ಲೆಟ್ಟಿಗೂ ಕಟ್ಟಿತು. ಅಂದಿನಿಂದ ಟ್ಯಾಬ್ಲೆಟ್ಟು ಇನ್ನೊಂದು ಫೋನಿನ ಒಳಗಿರುವುದನ್ನು ಕೇಬಲ್ಲಿನ ಮೂಲಕ ಓದಬಲ್ಲದು, ಎತ್ತಿಡಬಲ್ಲದು.

ಇದರ ಬೆಲೆ ಏನೆಂಬುದು ಮಲೆನಾಡಿನ ಒಂದು ತೋಟದ ಮನೆಯ ಅಜ್ಜನಿಗೆ ತಿಳಿಯಿತು. ಅವರ ಫೋನು ತಿಂಗಳುಗಟ್ಟಲೆ ಅಪ್‌ಡೇಟ್ ಕೇಳುತ್ತಿತ್ತು. ಒಪ್ಪಿದರೆ ಜಾಗ ಸಾಲದು ಎನ್ನುತ್ತಿತ್ತು. ಒಂದು ದಿನ ಬ್ಯಾಂಕಿನ ಆ್ಯಪು, ಈ ಹಳೆಯ ಆವೃತ್ತಿಯಲ್ಲಿ ತಾನಿನ್ನು ನಡೆಯುವುದಿಲ್ಲ ಎಂದು ಕೈಚೆಲ್ಲಿತು. ಪಿಂಚಣಿ ಬಂತೇ ಎಂದು ನೋಡುವುದಕ್ಕೂ ದಾರಿಯಿಲ್ಲ. ಅಜ್ಜ ಪೇಟೆಗೆ ಹೋದರು. ಅಂಗಡಿಯವನು, "ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು ಯಜಮಾನ್ರೇ. ಎರಡು ದಿನ ಇಲ್ಲೇ ಇರಲಿ, ಪಾಸ್‌ವರ್ಡ್ ಬರೆದುಕೊಡಿ" ಎಂದ. ಅಜ್ಜ ಮಾತಾಡದೆ ಫೋನನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದರು.

ಕಾರಣವನ್ನು ಅವರು ಯಾರಿಗೂ ಹೇಳಲಿಲ್ಲ. ಪಿಯುಸಿ ಓದುವ ಮೊಮ್ಮಗಳು ಊಹಿಸಿದಳು. ಅಜ್ಜಿ ತೀರಿಕೊಂಡು ಎರಡು ವರ್ಷವಾಗಿತ್ತು. ಅಜ್ಜ ಬೆಂಗಳೂರಿನ ಮಗನ ಮನೆಗೆ ಹೋದಾಗಲೆಲ್ಲ ಆಕೆ ವಾಟ್ಸ್‌ಆ್ಯಪಿನಲ್ಲಿ ಮಾತನ್ನೇ ಕಳಿಸುತ್ತಿದ್ದರು. ದನ ಕರು ಹಾಕಿದ್ದು, ಕೊನೆಗಾರ ಬಾರದೆ ಕೈಕೊಟ್ಟಿದ್ದು, ಮಾತ್ರೆ ನುಂಗಿದಿರಾ ಎಂಬ ವಿಚಾರಣೆ. ಆಕೆಯ ದನಿ ಉಳಿದಿದ್ದುದು ಆ ಫೋನಿನಲ್ಲಿ ಮಾತ್ರ.

"ಅಳಿಸಿಹೋದರೆ ಏನು ಮಾಡೋದು ಪುಟ್ಟಿ?"

"ಮೊದಲು ಟ್ಯಾಬಿಗೆ ತುಂಬಿಕೊಳ್ಳೋಣ ಅಜ್ಜಾ. ಅಲ್ಲಿ ಕೇಳಿಸಿದ ಮೇಲೆ ಮುಂದಿನ ಕೆಲಸ."

ಮೊದಲ ಕೇಬಲ್ ಕೆಲಸಕ್ಕೆ ಬರಲಿಲ್ಲ. ಅಗ್ಗದ ಕೆಲವು ಕೇಬಲ್ಲುಗಳಲ್ಲಿ ವಿದ್ಯುತ್ ಹರಿಯುವ ತಂತಿಗಳಷ್ಟೇ ಇರುತ್ತವೆ, ಮಾಹಿತಿ ಹರಿಯುವ ತಂತಿಗಳಿರುವುದಿಲ್ಲ. ಬೇರೊಂದನ್ನು ಸಿಕ್ಕಿಸಿ, ಫೋನಿನ ತೆರೆಯ ಮೇಲೆ ಫೈಲ್ ವರ್ಗಾವಣೆ ಎಂಬುದನ್ನು ಒತ್ತಿದ ಮೇಲೆ ಟ್ಯಾಬಿನಲ್ಲಿ ಫೋನಿನ ಕಡತಗಳು ತೆರೆದುಕೊಂಡವು. ಧ್ವನಿಸಂದೇಶಗಳ ಕಡತ, ಫೋಟೋಗಳ ಕಡತ ಎರಡೂ ಟ್ಯಾಬಿಗೆ ಬಂದವು. ಹುಡುಗಿ ಒಂದನ್ನು ಒತ್ತಿದಳು. "ಹಾಲು ಉಕ್ತಾ ಇದೆ, ಆಮೇಲೆ ಮಾತಾಡ್ತೀನಿ" ಎಂದಿತು ಟ್ಯಾಬು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಪ್ರತಿ ಸಾಲದೆಂದು ಆಕೆ ಪೆನ್‌ಡ್ರೈವಿಗೂ ಒಂದನ್ನು ಹಾಕಿದಳು.

ಆಮೇಲೆ ವರ್ಷಗಳಿಂದ ಕೂಡಿಬಿದ್ದಿದ್ದ ಶುಭೋದಯದ ಚಿತ್ರಗಳು, ವಿಡಿಯೋಗಳು ಫೋನಿನಿಂದ ಹೊರಬಿದ್ದವು. ಅಜ್ಜನ ಸಿಮ್ಮಿಗೆ ಆ ಮನೆಯಲ್ಲಿ ಸಿಗ್ನಲ್ ಕಡಿಮೆ. ಟ್ಯಾಬಿನ ಸಿಮ್ಮಿಗೆ ಜಗಲಿಯ ಮೂಲೆಯಲ್ಲಿ ಸಿಗುತ್ತಿತ್ತು. ಅಲ್ಲಿಟ್ಟು, ಅದರ ಹಾಟ್‌ಸ್ಪಾಟಿನಿಂದಲೇ ಫೋನಿಗೆ ಇಂಟರ್‌ನೆಟ್ ಹರಿಸಿದಳು. ಸಂಜೆಯ ಕಾಫಿಯ ಹೊತ್ತಿಗೆ ಅಪ್‌ಡೇಟ್ ಮುಗಿದಿತ್ತು. ಅಜ್ಜ ಮೊದಲು ನೋಡಿದ್ದು ಪಿಂಚಣಿಯನ್ನಲ್ಲ, ಅಜ್ಜಿಯ ಸಂದೇಶಗಳನ್ನು. ಒಂದೂ ಅಳಿದಿರಲಿಲ್ಲ.

ಅಳಿಯಬೇಕಾದ ಕಾರಣವೂ ಇರಲಿಲ್ಲ. ಫೋನಿನಲ್ಲಿ ಕಂಪನಿಯ ತಂತ್ರಾಂಶ ಇರುವ ಜಾಗ ಬೇರೆ, ಬಳಸುವವರ ಚಿತ್ರ, ಮಾತು, ಪತ್ರಗಳಿರುವ ಜಾಗ ಬೇರೆ. ಸಾಮಾನ್ಯ ಅಪ್‌ಡೇಟ್ ಮೊದಲನೆಯದನ್ನು ಬದಲಿಸುತ್ತದೆ, ಎರಡನೆಯದನ್ನು ಅಳಿಸುವುದಿಲ್ಲ. ಎಲ್ಲವನ್ನೂ ಅಳಿಸುವುದು ಬೇರೆಯದೇ ಕ್ರಿಯೆ. ಅಂಗಡಿಯಲ್ಲಿ ಅದು ಬೇಗ ಮುಗಿಯುವ ದಾರಿ. 2016ರ ಆಂಡ್ರಾಯ್ಡ್ 7ರಿಂದ ಇನ್ನೊಂದು ಅನುಕೂಲವೂ ಬಂದಿದೆ. ಅದನ್ನು ಅಳವಡಿಸಿಕೊಂಡ ಫೋನುಗಳಲ್ಲಿ, ಹಳೆಯ ಮನೆಯಲ್ಲಿ ವಾಸವಿದ್ದುಕೊಂಡೇ ಪಕ್ಕದಲ್ಲಿ ಹೊಸದು ಕಟ್ಟಿಸಿದ ಹಾಗೆ, ಹಳೆಯ ತಂತ್ರಾಂಶ ನಡೆಯುತ್ತಿರುವಾಗಲೇ ಹೊಸದು ಇನ್ನೊಂದು ಭಾಗದಲ್ಲಿ ಸಿದ್ಧವಾಗುತ್ತದೆ. ಹೊಸದು ಏಳದಿದ್ದರೆ ಫೋನು ಹಳೆಯದಕ್ಕೇ ಮರಳುತ್ತದೆ. ಬಂದದ್ದು ಅಸಲಿಯೇ ಎಂಬುದನ್ನು ತಯಾರಕರ ಡಿಜಿಟಲ್ ಸಹಿಯಿಂದ ಫೋನು ತಾನೇ ಪರೀಕ್ಷಿಸುತ್ತದೆ. ಹೊತ್ತು ತಂದದ್ದು ಕಂಪ್ಯೂಟರೋ ಟ್ಯಾಬ್ಲೆಟ್ಟೋ ಎಂಬುದು ಅದಕ್ಕೆ ಮುಖ್ಯವಲ್ಲ.

ಹಾಗೆಂದು ಟ್ಯಾಬ್ಲೆಟ್ಟು ಸರ್ವರೋಗಕ್ಕೂ ಮದ್ದಲ್ಲ. ಪೂರ್ತಿ ಮಲಗಿದ ಆಂಡ್ರಾಯ್ಡ್ ಫೋನನ್ನು ಎಬ್ಬಿಸಲು ಎಷ್ಟೋ ಕಂಪನಿಗಳ ಸಾಧನಗಳು ಇಂದಿಗೂ ಕಂಪ್ಯೂಟರನ್ನೇ ಕೇಳುತ್ತವೆ. 2024ರ ಐಫೋನ್ 16ರಿಂದ ಈಚೆಗೆ, ಹಾಗೆ ಮಲಗಿದ ಐಫೋನನ್ನು ಪಕ್ಕದಲ್ಲಿಟ್ಟ ಐಪ್ಯಾಡು ಅಥವಾ ಇನ್ನೊಂದು ಐಫೋನು ಎಬ್ಬಿಸುವ ವ್ಯವಸ್ಥೆ ಬಂದಿದೆ. ಫೋನಿನ ಬೀಗ ತೆಗೆಯಲಾಗದಿದ್ದರೆ, ಅಂದರೆ ತೆರೆ ಒಡೆದು ಸ್ಪರ್ಶವೇ ತಿಳಿಯದಂತಾದರೆ, ಒಳಗಿನದನ್ನು ಎತ್ತಿಕೊಳ್ಳುವುದು ಟ್ಯಾಬಿಗೂ ಕಷ್ಟ. ಆದ್ದರಿಂದ ಫೋನು ಸರಿಯಿರುವಾಗಲೇ ಬೇಕಾದ್ದನ್ನು ಎತ್ತಿಡಬೇಕು.

ಅಪ್‌ಡೇಟನ್ನು ಮುಂದೂಡುವುದೂ ಜಾಣತನವಲ್ಲ. 2015ರಿಂದ ಆಂಡ್ರಾಯ್ಡಿನ ಸುರಕ್ಷತಾ ದೋಷಗಳ ಪಟ್ಟಿ, ಅವಕ್ಕೆ ಪರಿಹಾರ ಪ್ರತಿ ತಿಂಗಳ ಲೆಕ್ಕದಲ್ಲಿ ಪ್ರಕಟವಾಗುತ್ತ ಬಂದಿದೆ. ಅಂದರೆ ಬೇಲಿಯಲ್ಲಿ ಕಂಡಿ ಎಲ್ಲಿದೆ ಎಂಬುದು ಕಳ್ಳನಿಗೂ ತಿಳಿಯುತ್ತದೆ. 2016ರಲ್ಲಿ ಯುಪಿಐ ಬಂದ ಮೇಲೆ ಮನೆಯ ಹಣದ ಪೆಟ್ಟಿಗೆಯೂ ಆ ಬೇಲಿಯೊಳಗೇ ಇದೆ.

ಬೀಗದ ಕೈಯನ್ನು ಅಪರಿಚಿತರ ಕೈಗೆ ಕೊಡುವ ಮುನ್ನ ಬೀರುವಿನ ಮೇಲೊಮ್ಮೆ ನೋಡುವುದು ಒಳ್ಳೆಯದು. ಧೂಳು ಒರೆಸಿ, ಚಾರ್ಜಿಗೆ ಹಾಕಿ, ಒಂದು ಒಳ್ಳೆಯ ಕೇಬಲ್ ಹುಡುಕಿಟ್ಟುಕೊಂಡರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಮನೆಯ ಮಕ್ಕಳನ್ನು ಕೇಳಿದರಾಯಿತು.