ಗಾಳಿ ತೆಳುವಾಗುವ ದಾರಿಯಲ್ಲಿ ಪೆಟ್ರೋಲಿನ ಲೆಕ್ಕ

ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಪಟ್ಟಣದಿಂದ ಪಶ್ಚಿಮಕ್ಕೆ ಕಣ್ಣು ಹಾಯಿಸಿದರೆ ಪೈಕ್ಸ್ ಪೀಕ್ ಎಂಬ ಶಿಖರ ಕಾಣುತ್ತದೆ. ಎತ್ತರ 14,115 ಅಡಿ. ಗಣಿ ವ್ಯವಹಾರದಲ್ಲಿ ಹಣ ಮಾಡಿದ ಸ್ಪೆನ್ಸರ್ ಪೆನ್ರೋಸ್ ಎಂಬ ಶ್ರೀಮಂತ ಇದರ ನೆತ್ತಿಯವರೆಗೆ ಕಾರು ಹೋಗುವ ರಸ್ತೆ ಮಾಡಿಸಿದ. ರಸ್ತೆಗೆ ಜನ ಬರಬೇಕಲ್ಲ! 1916ರಲ್ಲಿ ಅದರ ಮೇಲೆ ಕಾರು ಓಟವನ್ನೂ ಏರ್ಪಡಿಸಿದ. ಆ ವರ್ಷ ಗೆದ್ದ ರೇ ಲೆಂಟ್ಸ್ ತುದಿ ಮುಟ್ಟಲು ಸುಮಾರು 21 ನಿಮಿಷ ಹಿಡಿಯಿತು.

ಇಂದಿನ ಓಟದ ದಾರಿ 20 ಕಿಲೋಮೀಟರ್. ತಿರುವುಗಳು 156. ಓಟ ಆರಂಭವಾಗುವ ಗೆರೆಯೇ 9,390 ಅಡಿ ಎತ್ತರದಲ್ಲಿದೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ 6,300 ಅಡಿಗೆ ಸ್ವಲ್ಪ ಹೆಚ್ಚು ಅಷ್ಟೆ. ಅಂದರೆ ನಮ್ಮ ನಾಡು ಮುಗಿಯುವ ಎತ್ತರಕ್ಕಿಂತ ಮೂರು ಸಾವಿರ ಅಡಿ ಮೇಲೆ ಇಲ್ಲಿ ಓಟ ಶುರು!

ಕೆಳಗೆ ದಟ್ಟ ಮರಗಳ ಕಾಡು. ಗ್ಲೆನ್ ಕೋವ್ ಎಂಬಲ್ಲಿಗೆ ಬರುವ ಹೊತ್ತಿಗೆ ಮರಗಳು ಕುಳ್ಳಾಗುತ್ತ ಬಂದು ನಿಂತೇ ಹೋಗುತ್ತವೆ. ಮುಂದೆ ಬರಿಯ ಕಲ್ಲು, ಹೇರ್‌ಪಿನ್ ತಿರುವು, ಒಂದು ಪಕ್ಕ ಪ್ರಪಾತ. ಜೂನ್ ತಿಂಗಳಲ್ಲೂ ತುದಿಯಲ್ಲಿ ಹಿಮ ಬೀಳುವುದುಂಟು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡಾ 60 ಮಾತ್ರ. ಪ್ರವಾಸಿಗೆ ಏದುಸಿರು. ಎಂಜಿನ್ನಿಗೂ ಅದೇ ಪಾಡು.

ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಓಟದ ಕಾರಿನಲ್ಲಿ ಪೂರ್ಣ ಶಕ್ತಿ ಬೇಕಾದಾಗ ಪೆಟ್ರೋಲನ್ನು ಸ್ವಲ್ಪ ಧಾರಾಳ ಮಾಡಿ 12 ಅಥವಾ 13ಕ್ಕೆ ಒಂದರಂತೆ ಕೊಡುತ್ತಾರೆ. ಲೆಕ್ಕವೇನೋ ಸುಲಭ. ಆದರೆ ಈ ಬೆಟ್ಟದಲ್ಲಿ ಗಾಳಿಯ ತೂಕವೇ ತಿರುವಿನಿಂದ ತಿರುವಿಗೆ ಇಳಿಯುತ್ತ ಹೋಗುತ್ತದೆ. ಹಳೆಯ ಕಾರ್ಬ್ಯುರೇಟರಿಗೆ ಇದು ತಿಳಿಯದು. ಗಾಳಿ ಹಗುರಾದಷ್ಟು ಪೆಟ್ರೋಲು ಕಡಿಮೆಯಾಗುವುದಿಲ್ಲ. ಹೀಗಾಗಿ ಆರಂಭದಲ್ಲಿ ಸರಿಯಿದ್ದ ಎಂಜಿನ್ ತುದಿಯಲ್ಲಿ ಕಪ್ಪು ಹೊಗೆ ಉಗುಳಿ ಬಸವಳಿಯುತ್ತದೆ. ತುದಿಗೆಂದು ಸಣ್ಣ ರಂಧ್ರದ ಜೆಟ್ ಹಾಕಿದರೋ, ಕೆಳಗಿನ ದಟ್ಟ ಗಾಳಿಯಲ್ಲಿ ಪೆಟ್ರೋಲ್ ಸಾಲದೆ ಎಂಜಿನ್ ವಿಪರೀತ ಕಾಯುತ್ತದೆ, ಪಿಸ್ಟನ್ ಕರಗುವುದೂ ಉಂಟು. ಅದಕ್ಕೇ ಮೆಕ್ಯಾನಿಕರು ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡುತ್ತಿದ್ದರು. ಮಸಿ ಕಟ್ಟಿದ್ದರೆ ಪೆಟ್ರೋಲ್ ಹೆಚ್ಚು. ಬೆಳ್ಳಗೆ ಸುಟ್ಟಿದ್ದರೆ ಕಡಿಮೆ. ಎರಡರ ನಡುವಿನ ಜೆಟ್ ಆರಿಸಿ ದೇವರ ಮೇಲೆ ಭಾರ ಹಾಕಬೇಕಿತ್ತು. (ಇದನ್ನು ಓದಿ ಅಪ್ಪನ ಬೈಕಿನ ಜೆಟ್ ಬಿಚ್ಚಲು ಹೊರಡುವ ಹುಡುಗರಿಗೆ ಒಂದು ಮಾತು: ಊರ ರಸ್ತೆಯಲ್ಲಿ ದೊಡ್ಡ ಜೆಟ್ಟಿನಿಂದ ಸಿಗುವುದು ಮಸಿ ಮತ್ತು ಅಪ್ಪನ ಜೇಬಿಗೆ ತೂತು ಮಾತ್ರ.)

ಇನ್ನೊಂದು ತೊಂದರೆ ಟ್ಯಾಂಕಿನಲ್ಲೇ ಇದೆ. ಒತ್ತಡ ಕಡಿಮೆಯಾದರೆ ದ್ರವ ಬೇಗ ಆವಿಯಾಗುತ್ತದೆ. ತುದಿಯಲ್ಲಿ ನೀರು ಸುಮಾರು 86 ಡಿಗ್ರಿಗೇ ಕುದಿಯುತ್ತದೆಂದರೆ ಪೆಟ್ರೋಲಿನ ಗತಿಯೇನು? ಬಿಸಿ ಎಂಜಿನ್ನಿನ ಪಕ್ಕ ಕುಳಿತ ಪಂಪು ದೂರದ ಟ್ಯಾಂಕಿನಿಂದ ಹೀರುವಾಗ ಕೊಳವೆಯಲ್ಲಿ ಒತ್ತಡ ಇನ್ನಷ್ಟು ಇಳಿದು ಗುಳ್ಳೆಗಳೇಳುತ್ತವೆ. ಪರಿಹಾರ ಸರಳ. ಪಂಪನ್ನು ಹಿಂದೆ ಟ್ಯಾಂಕಿನ ಬಳಿಯೇ ಇಟ್ಟು, ಹೀರುವ ಬದಲು ತಳ್ಳಿಸಬೇಕು.

ತಿರುವುಗಳ ಕಾಟ ಬೇರೆ. ಬಸ್ಸು ಘಾಟಿಯಲ್ಲಿ ತಿರುಗುವಾಗ ಪ್ರಯಾಣಿಕರು ಒಂದು ಪಕ್ಕಕ್ಕೆ ವಾಲುವಂತೆ ಪೆಟ್ರೋಲೂ ಟ್ಯಾಂಕಿನ ಮೂಲೆಗೆ ಸರಿಯುತ್ತದೆ. ಹೀರುವ ಕೊಳವೆಯ ಬಾಯಿಗೆ ಸಿಗುವುದು ಗಾಳಿ. ಎಂಜಿನ್ ಮುಗ್ಗರಿಸುವುದೂ ಸರಿಯಾಗಿ ತಿರುವು ಮುಗಿದು ವೇಗ ಬೇಕಾದ ಕ್ಷಣದಲ್ಲೇ! ಆದ್ದರಿಂದ ಒಂದೆರಡು ಲೀಟರಿನ ಪುಟ್ಟ ಸರ್ಜ್ ಟ್ಯಾಂಕ್ ಸೇರಿಸುತ್ತಾರೆ. ಒಂದು ಪಂಪು ಅದನ್ನು ಸದಾ ತುಂಬಿಸುತ್ತದೆ, ಹೆಚ್ಚಾದದ್ದು ಮೇಲಿನಿಂದ ದೊಡ್ಡ ಟ್ಯಾಂಕಿಗೆ ಮರಳುತ್ತದೆ. ಎರಡನೆಯ ಪಂಪು ಅದರ ತಳದಿಂದ ಎಳೆದು ಎಂಜಿನ್ನಿಗೆ ಕೊಡುತ್ತದೆ.

ಟರ್ಬೊ ಬಂದ ಮೇಲೆ ತೆಳುಗಾಳಿಯನ್ನು ಒತ್ತಿ ತುಂಬುವುದು ಸಾಧ್ಯವಾಯಿತು, ಪೆಟ್ರೋಲಿನ ದಾಹವೂ ಏರಿತು. 800 ಅಶ್ವಶಕ್ತಿಯ ಎಂಜಿನ್ ಪೂರ್ಣ ಶಕ್ತಿಯಲ್ಲಿ ನಿಮಿಷಕ್ಕೆ ನಾಲ್ಕು ಲೀಟರಿಗೂ ಮೀರಿ ಕುಡಿಯುತ್ತದೆ; ಮನೆಯ ನಲ್ಲಿಯ ಕೆಳಗೆ ಲೋಟ ಹಿಡಿದು ಆ ಹರಿವನ್ನು ಅಂದಾಜು ಮಾಡಬಹುದು. ಇಂಜೆಕ್ಟರಿಗೆ ವಾತಾವರಣದ ಮೂರು ಪಟ್ಟು ಒತ್ತಡದಲ್ಲಿ ಪೆಟ್ರೋಲ್ ಹೋಗುತ್ತಿದೆ ಎನ್ನೋಣ. ಎದುರಿನಿಂದ ಟರ್ಬೊ ಎರಡು ಪಟ್ಟು ಒತ್ತಿದರೆ ಉಳಿಯುವುದು ಒಂದೇ ಪಟ್ಟು, ಹರಿವು ಕುಗ್ಗುತ್ತದೆ. ಆದ್ದರಿಂದ ಒತ್ತಡ ನಿಯಂತ್ರಕಕ್ಕೆ ಎಂಜಿನ್ನಿನ ಗಾಳಿದಾರಿಯಿಂದ ಸಣ್ಣ ಕೊಳವೆ ಜೋಡಿಸುತ್ತಾರೆ. ಟರ್ಬೊ ಒತ್ತಿದಷ್ಟೂ ಪೆಟ್ರೋಲಿನ ಒತ್ತಡವೂ ಏರುತ್ತದೆ. ಗಾಳಿಯ ಸಾಂದ್ರತೆಯ ಲೆಕ್ಕವನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ.

ಇಷ್ಟಾದರೂ ಇಡೀ ದಾರಿಯಲ್ಲಿ ಒಮ್ಮೆ ಪರೀಕ್ಷಿಸಿ ನೋಡುವಂತಿಲ್ಲ. ಹಗಲು ರಸ್ತೆ ಪ್ರವಾಸಿಗರದು. ಅಭ್ಯಾಸವೇನಿದ್ದರೂ ಬೆಳಕು ಹರಿಯುವ ಹೊತ್ತಿನ ಕೊರೆಯುವ ಚಳಿಯಲ್ಲಿ, ಅದೂ ರಸ್ತೆಯನ್ನು ತುಂಡು ತುಂಡು ಮಾಡಿ. ಕೆಳಗಿನಿಂದ ತುದಿಯವರೆಗೆ ಪೂರ್ಣ ವೇಗದ ಓಟ ಸಿಗುವುದು ಸ್ಪರ್ಧೆಯ ದಿನ, ಒಂದೇ ಒಂದು ಸಲ. ವರ್ಷವಿಡೀ ಮಾಡಿದ ಕೆಲಸ ಒಂದು ಗುಳ್ಳೆಯಿಂದ ಹಾಳಾಗಬಹುದು.

1988ರಲ್ಲಿ ಫಿನ್ಲೆಂಡಿನ ಆರಿ ವಾಟನೆನ್ ಟರ್ಬೊ ಪ್ಯೂಜೊದಲ್ಲಿ 10 ನಿಮಿಷ 47 ಸೆಕೆಂಡುಗಳಲ್ಲಿ ತುದಿ ತಲುಪಿದ. ಆಗ ದಾರಿ ಮಣ್ಣಿನದು. ಡಾಂಬರು ಪೂರ್ತಿಯಾದದ್ದು 2011ರಲ್ಲಿ. 2013ರಲ್ಲಿ ಫ್ರಾನ್ಸಿನ ಸೆಬಾಸ್ಟಿಯನ್ ಲೋಬ್ 8 ನಿಮಿಷ 13 ಸೆಕೆಂಡಿಗೆ ಇಳಿಸಿದ. 2018ರಲ್ಲಿ ಅದನ್ನು 7 ನಿಮಿಷ 57 ಸೆಕೆಂಡುಗಳಲ್ಲಿ ಮುರಿದ ರೊಮೆ ದ್ಯುಮಾನ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕೇ ಇರಲಿಲ್ಲ. ಅದು ಬ್ಯಾಟರಿ ಕಾರು. ಉರಿಸುವುದೇ ಇಲ್ಲದ ಮೇಲೆ ಗಾಳಿ ತೆಳುವಾದರೇನು! ಜೆಟ್ಟು, ಪಂಪುಗಳೊಡನೆ ಆಯುಷ್ಯ ಕಳೆದ ಹಳಬರಿಗೆ ಅದು ಹೇಗೆ ಕಂಡಿತೋ.

ತುದಿಯ ಅಂಗಡಿಯಲ್ಲಿ ಡೋನಟ್ ಎಂಬ ಕರಿದ ತಿಂಡಿ ಪ್ರಸಿದ್ಧ. ಅದರ ಹಿಟ್ಟಿನ ಪಾಕವನ್ನೂ ಈ ಎತ್ತರಕ್ಕೆಂದೇ ಬದಲಿಸಿಕೊಂಡಿದ್ದಾರೆ! ಓಟ ಮುಗಿಸಿದವರು ಕೊನೆಯ ಕಾರು ಬರುವವರೆಗೆ ಮೇಲೆಯೇ ಕಾಯಬೇಕು. ಆಮೇಲೆ ಎಲ್ಲರೂ ಸಾಲಾಗಿ, ನಿಧಾನವಾಗಿ ಇಳಿಯುತ್ತಾರೆ. ರಸ್ತೆ ಬದಿಯ ಜನ ಕೈ ಚಾಚುತ್ತಾರೆ, ಚಾಲಕರು ಕಿಟಕಿಯಿಂದ ಕೈ ಹೊರಚಾಚಿ ಮುಟ್ಟುತ್ತ ಸಾಗುತ್ತಾರೆ.