ವಿದ್ಯುತ್ ಕಾರು ಮತ್ತು ಮನೆಯ ಲೆಕ್ಕ

“ನಡುದಾರಿಯಲ್ಲಿ ಚಾರ್ಜ್ ಮುಗಿದರೆ ಗತಿಯೇನು?” ವಿದ್ಯುತ್ ಕಾರಿನ ಮಾತು ಬಂದಾಗಲೆಲ್ಲ ನಮ್ಮ ಘೋಣಸಗಿಯಲ್ಲಿ ಏಳುವ ಮೊದಲ ಪ್ರಶ್ನೆಯಿದು.

ಪ್ರಶ್ನೆ ಹೊಸದಲ್ಲ. 2001ರಲ್ಲಿ ಚೇತನ್ ಮೈನಿಯವರು ಬೆಂಗಳೂರಿನಿಂದ ಮಾರುಕಟ್ಟೆಗೆ ತಂದ ‘ರೇವಾ’ ಕಾರು ಸೀಸ-ಆಮ್ಲ ಬ್ಯಾಟರಿಯದು. ಸುಮಾರು 8 ಗಂಟೆ ಚಾರ್ಜ್ ಮಾಡಿದರೆ 80 ಕಿ.ಮೀ. ಓಟ, ಊರೊಳಗಿನ ತಿರುಗಾಟಕ್ಕಷ್ಟೇ ಸಾಕು. 2020ರಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನಲ್ಲಿ 30.2 ಕಿಲೋವ್ಯಾಟ್-ಗಂಟೆಯ ಲಿಥಿಯಂ ಬ್ಯಾಟರಿಯಿತ್ತು. ಪರೀಕ್ಷೆಯಲ್ಲಿ ಅದರ ಓಟ 312 ಕಿ.ಮೀ. ಆದರೆ ವೇಗ, ಭಾರ, ಬಿಸಿಲಿಗೆ ಹಾಕುವ ಏ.ಸಿ. ಸೇರಿದರೆ ರಸ್ತೆಯಲ್ಲಿ ಅಷ್ಟು ದಕ್ಕದು.

ತರಗತಿಯಲ್ಲಿ ಹೇಳುತ್ತಿದ್ದಂತೆ, ಒಂದು ಕಿಲೋವ್ಯಾಟ್-ಗಂಟೆಯೆಂದರೆ ಕರೆಂಟ್ ಬಿಲ್ಲಿನ ಒಂದು ಯೂನಿಟ್. ಮನೆಯ 15 ಆಂಪಿಯರ್ ಪ್ಲಗ್ಗಿನಿಂದ ಗಂಟೆಗೆ ಸುಮಾರು 3 ಯೂನಿಟ್ ದೊರೆಯುತ್ತದೆ. 30 ಯೂನಿಟ್ ತುಂಬಲು 10 ಗಂಟೆ, ಅಂದರೆ ಒಂದು ರಾತ್ರಿ. ಯೂನಿಟ್ಟಿಗೆ 6 ಕಿ.ಮೀ. ಎಂದು ಬಿಗಿಹಿಡಿದು ಲೆಕ್ಕ ಹಾಕಿದರೂ 180 ಕಿ.ಮೀ. ಆಯಿತು. ವಿಜಯಪುರಕ್ಕೆ ಹೋಗಿಬರಲು ಧಾರಾಳ. ಬೆಂಗಳೂರಿಗಾದರೆ ದಾರಿಯ ವೇಗದ ಚಾರ್ಜರುಗಳನ್ನೇ ನಂಬಬೇಕು.

ಮಗ ಇಂಥ ಕಾರು ಕೊಳ್ಳುವೆನೆಂದಾಗ ನನ್ನ ಚಿಂತೆ ಬೇರೆಯಿತ್ತು. ಮನೆಯಲ್ಲಿ ಎಂಬತ್ತೆಂಟರ ತಾಯಿಯಿದ್ದಾಳೆ. ಗಾಳಿಮಳೆಗೆ ವಿದ್ಯುತ್ ಹೋದ ರಾತ್ರಿಯೇ ಅವಳನ್ನು ವಿಜಯಪುರದ ಆಸ್ಪತ್ರೆಗೆ ಒಯ್ಯಬೇಕಾದರೆ? ಅದಕ್ಕೆ ಒಂದು ನಿಯಮ ಮಾಡಿಕೊಂಡೆವು: ಚಾರ್ಜ್ ಅರ್ಧಕ್ಕಿಳಿದ ದಿನವೇ ಪ್ಲಗ್ಗಿಗೆ ಹಚ್ಚುವುದು. ಬರಗಾಲ ಕಂಡ ಹಿರಿಯರು ಹಗೇವಿನ ಜೋಳವನ್ನು ತಳ ಕಾಣುವವರೆಗೆ ತೆಗೆಯುತ್ತಿರಲಿಲ್ಲ. ಆ ವಿವೇಕವಿದ್ದ ಮನೆಗೆ ಈ ಕಾರು ಒಗ್ಗುತ್ತದೆಂದೇ ನನ್ನ ಅಭಿಪ್ರಾಯ.